ಯರಗಟ್ಟಿಗೆ ಬಂದ ಕಡಲ ನೀರು

ನಾಜಿಮಾ ನಮ್ಮ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದದ್ದು ಎರಡು ಸಾವಿರದ ಇಸವಿಯ ಜೂನ್ ತಿಂಗಳಲ್ಲಿ. ನಾನು ಅಲ್ಲಿ ಕನ್ನಡ ಕಲಿಸತೊಡಗಿ ಆಗ ಎಂಟು ವರ್ಷವಾಗಿತ್ತು. ಯರಗಟ್ಟಿ ಬಸ್ ನಿಲ್ದಾಣದ ಹಿಂಬದಿಗೆ, ಹತ್ತಿಯ ಅಂಡಿಗೆ ಮೂಟೆಗಳನ್ನು ಒಟ್ಟುವ ಗೋದಾಮಿನ ಪಕ್ಕದಲ್ಲಿ, ತಗಡು ಹೊದಿಸಿದ ಐದು ಕೋಣೆಗಳ ಖಾಸಗಿ ಸಾಲೆ ಅದು. ಸ್ಟಾಫ್ ರೂಮಿನಲ್ಲಿ ನನಗೂ ಅವಳಿಗೂ ಸೇರಿ ಒಂದೇ ಟೇಬಲ್ಲು. ಇಪ್ಪತ್ತೈದು ವರ್ಷದ ಹುಡುಗಿ, ಮಾತು ಕಡಿಮೆ. ಪಾಠ ಚೆನ್ನಾಗಿ ಮಾಡುತ್ತಾಳೆ ಎಂದು ಮಕ್ಕಳು ಹೇಳುತ್ತಿದ್ದರು.

ಬಂದು ಒಂದು ತಿಂಗಳಾಗಿರಬೇಕು. ಮಧ್ಯಾಹ್ನ ಊಟದ ಬುತ್ತಿ ಮುಚ್ಚಿ, ಕಿಟಕಿಯಾಚೆ ಲಾರಿಗೆ ಅಂಡಿಗೆ ಹೇರುವುದನ್ನು ನೋಡುತ್ತ ಕುಳಿತವಳು ತನ್ನಷ್ಟಕ್ಕೆ ತಾನೇ ಅಂದಳು: “ಈಗ ನೀರ ಇಳ್ಯಾಕ ಹತ್ತಿರತೈತಿ.”

“ಯಾವ ನೀರವಾ? ಕಾಲವಿ ನೀರೇನು?” ಎಂದು ಕೇಳಿದೆ.

“ಅಲ್ಲರಿ ತಂಗೆವ್ವಕ್ಕಾರ. ಸಮುದ್ರದ್ದು.”

ನನಗೆ ನಗು ಬಂತು. ಯರಗಟ್ಟಿಯಿಂದ ಸಮುದ್ರ ಎಲ್ಲಿ, ನಾವೆಲ್ಲಿ. ಅವಳು ನಗಲಿಲ್ಲ. ಹಾಜರಿ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿಕೊಂಡಿದ್ದ ಒಂದು ಹಾಳೆಯನ್ನು ತೋರಿಸಿದಳು. ಗೋವಾ ಕಡೆಯ ಕಡಲಿನಲ್ಲಿ ದಿನದಿನವೂ ಯಾವ ಹೊತ್ತಿಗೆ ಭರತ, ಯಾವ ಹೊತ್ತಿಗೆ ಇಳಿತ ಎಂಬ ಪಟ್ಟಿ. ಅಂದಿನ ತಾರೀಖಿನ ಮುಂದೆ ಭರತ ಒಂದು ಗಂಟೆ ನಲವತ್ತು ನಿಮಿಷಕ್ಕೆ ಎಂದಿತ್ತು. ನಮ್ಮ ಗಡಿಯಾರದಲ್ಲಿ ಎರಡು ಆಗುತ್ತ ಬಂದಿತ್ತು. ಆವತ್ತಿನಿಂದ ಅವಳು ಸ್ವಲ್ಪ ಸ್ವಲ್ಪವಾಗಿ ನನಗೆ ತನ್ನ ಸಂಗತಿ ಹೇಳತೊಡಗಿದಳು. ಆಮೇಲೆ ಊರಿನಲ್ಲಿ ನಡೆದದ್ದರಲ್ಲಿ ಕೆಲವನ್ನು ನಾನೇ ಕಣ್ಣಾರೆ ನೋಡಿದೆ.

ಅವಳ ತಂದೆ ಬುರಾನಸಾಬ ಊರಿನ ದರ್ಜಿ. ಮಗಳು ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಆತ ತೀರಿಕೊಂಡ. ಅಣ್ಣ ಇಸ್ರಾರ ಅದಕ್ಕೂ ಮೊದಲೇ ಸಾಲೆ ಬಿಟ್ಟು ಲಾರಿ ಹತ್ತಿದ್ದ. ಬೈಲಹೊಂಗಲ, ಯರಗಟ್ಟಿ ಕಡೆಯ ಉಳ್ಳಾಗಡ್ಡಿ, ಬದನೆ, ಮೆಣಸಿನಕಾಯಿ ತುಂಬಿಕೊಂಡು ವಾರಕ್ಕೆ ಎರಡು ಸಲ ಘಟ್ಟ ಇಳಿದು ಗೋವಾಕ್ಕೆ ಹೋಗುವುದು ಅವನ ಕೆಲಸ. ಸಮುದ್ರದ ದಂಡೆಯಲ್ಲಿ ಒಂದು ಸಂಶೋಧನಾಲಯವಿತ್ತು. ಅದರ ಕ್ಯಾಂಟೀನಿಗೂ ಅವನೇ ಉಳ್ಳಾಗಡ್ಡಿ ಹಾಕುತ್ತಿದ್ದ. ಒಂದು ದಿನ ಅಲ್ಲಿನ ಅಡುಗೆಯವನು, ಮೇಡಮ್ಮರೊಬ್ಬರು ಬಿ.ಎಸ್ಸಿ. ಕಲಿತ ಹುಡುಗಿಯನ್ನು ಹುಡುಕುತ್ತಿದ್ದಾರೆ, ನಿಮ್ಮ ಬೆಳಗಾವಿ ಕಡೆಯವರೇ ಎಂದ. ಇಸ್ರಾರ ಅಂಗಿಯ ಮಣ್ಣು ಜಾಡಿಸಿಕೊಂಡು ನೆಟ್ಟಗೆ ಅವರ ಕೋಣೆಗೆ ಹೋಗಿ, “ನನ್ನ ತಂಗಿ ಅದಾಳ್ರಿ” ಅಂದ.

ತೊಂಬತ್ತೇಳರ ನವೆಂಬರಿನಲ್ಲಿ ನಾಜಿಮಾ ಆ ಲಾರಿಯಲ್ಲೇ ಹೋದಳು. ತಾಯಿ ಬಿಬಿಜಾನ ಎಂಟು ದಿನಕ್ಕಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಅಲ್ಲಿವರೆಗೆ ಅವಳು ಕಂಡ ದೊಡ್ಡ ನೀರೆಂದರೆ ಸವದತ್ತಿಯ ನವಿಲುತೀರ್ಥದ ಅಣೆಕಟ್ಟು. ಅದಕ್ಕಾದರೂ ಆಚೆ ದಂಡೆ ಕಾಣುತ್ತದೆ. ಇಲ್ಲಿ ಕಾಣಲಿಲ್ಲ. ಅದನ್ನು ನೋಡುತ್ತ ನಿಂತಾಗ ಸಂತೋಷವಾಗಲಿಲ್ಲ ಎಂದು ಅವಳು ಹೇಳುತ್ತಿದ್ದಳು.

ಶೀತಲ್ ಮೇಡಂ ಬೆಳಗಾವಿಯ ಶಹಾಪುರದವರು. ನಲವತ್ತು ದಾಟಿದ ಹೆಂಗಸು, ಒಂಟಿಯಾಗಿದ್ದರು. ಅವರು ಹುಡುಕುತ್ತಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ಕರಗುವ ಪ್ಲಾಸ್ಟಿಕ್ ಎಂದು ಹೇಳುವುದು ಸಮುದ್ರದಲ್ಲಿ ನಿಜವಾಗಿಯೂ ಕರಗುತ್ತದೆಯೆ? ಕರಗಿದರೆ ಯಾರು ಕರಗಿಸುತ್ತಾರೆ?

ಕೆಲಸ ಹೀಗಿತ್ತು. ಬಗೆಬಗೆಯ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಬೆರಳುದ್ದ ಕತ್ತರಿಸಿ, ತೂಗಿ, ಜಾಳಿಗೆಯ ಚೀಲದಲ್ಲಿ ಹಾಕಿ, ಉಕ್ಕಿನ ಚೌಕಟ್ಟಿಗೆ ಬಿಗಿದು, ದೋಣಿ ಕಟ್ಟುವ ಕಟ್ಟೆಯಿಂದ ನೈಲಾನ್ ಹಗ್ಗದಲ್ಲಿ ನೀರಿಗಿಳಿಸುವುದು. ಹದಿನೈದು ದಿನಕ್ಕೊಮ್ಮೆ, ಸೋಮವಾರ, ಇಳಿತದ ಹೊತ್ತು ನೋಡಿ ಒಂದೊಂದಾಗಿ ಎತ್ತುವುದು. ಅಂಟಿದ ಚಿಪ್ಪು, ಪಾಚಿ ಬಿಡಿಸಿ, ಒಣಗಿಸಿ, ಮತ್ತೆ ತೂಗುವುದು. ಹಗ್ಗ ಎಳೆದು ಎಳೆದು ನಾಜಿಮಾಳ ಅಂಗೈ ಗಟ್ಟಿಯಾಯಿತು.

ಮೊದಲ ಚೌಕಟ್ಟು ಎತ್ತಿದ ದಿನ ಮೇಡಂ ಒಂದು ಪಟ್ಟಿಯನ್ನು ಅವಳ ಕೈಗೆ ಕೊಟ್ಟರು.

“ಕಣ್ಣಲೆ ನೋಡಬ್ಯಾಡ. ಬೆರಳಲೆ ನೋಡು. ಏನ ಅನಸತೈತಿ?”

“ಜಾರತೈತ್ರಿ ಮೇಡಂ. ಬೆಂಡಿಕಾಯಿ ಲೋಳಿ ಇದ್ದಂಗ ಐತಿ.”

“ಹಂ. ಅವರು ಬಂದು ಪಂಕ್ತಿ ಹಾಕಿ ಕುಂತಾರ. ಇನ್ನ ಊಟ ಸುರು ಆಗತೈತಿ.”

ಅವರು ಎಂದರೆ ಸಮುದ್ರದ ಸೂಕ್ಷ್ಮಜೀವಿಗಳು. ಆ ಪಟ್ಟಿಯ ಸಂಗತಿಯನ್ನು ನಾಜಿಮಾ ನನಗೆ ತಿಳಿಸಿ ಹೇಳಿದ್ದು ಹೀಗೆ: ಹಿಂದಕ್ಕೆ ಜೋಳ ಹೆಚ್ಚು ಬೆಳೆದ ವರ್ಷ ನಮ್ಮವರು ಅಂಗಳದಲ್ಲಿ ಹಗೇವು ತೋಡಿ ತುಂಬಿಡುತ್ತಿದ್ದರಲ್ಲ, ಹಾಗೆ ಕೆಲವು ಸೂಕ್ಷ್ಮಜೀವಿಗಳು ತಿನ್ನಲು ಹೇರಳವಾಗಿ ಸಿಕ್ಕಾಗ ಒಂದು ಬಗೆಯ ಕೊಬ್ಬಿನಂಥ ವಸ್ತುವನ್ನು ಕಾಳು ಕಾಳಾಗಿ ತಮ್ಮ ಒಡಲಲ್ಲಿ ಕೂಡಿಡುತ್ತವೆ. ಆ ಕಾಳನ್ನು ಬೇರ್ಪಡಿಸಿ, ಕರಗಿಸಿ, ಹಾಳೆ ಮಾಡಿದರೆ ಅದೇ ಈ ಪಟ್ಟಿಯ ಪ್ಲಾಸ್ಟಿಕ್. ಒಬ್ಬರು ಕೂಡಿಟ್ಟ ಬುತ್ತಿ ಇನ್ನೊಬ್ಬರಿಗೂ ಊಟವೇ. ಸಮುದ್ರದಲ್ಲಿ ಅದನ್ನು ತಿನ್ನಬಲ್ಲ ಜೀವಿಗಳು ಮೊದಲೇ ಇವೆ. ಅವಕ್ಕೆ ಬಾಯಿಲ್ಲ, ಹಲ್ಲಿಲ್ಲ. ಪಟ್ಟಿಯ ಮೇಲೆ ಪದರಾಗಿ ನೆಲೆಸಿ, ಒಂದು ಕಿಣ್ವವನ್ನು ಹೊರಗೆ ಬಿಡುತ್ತವೆ. ಅದು ಪ್ಲಾಸ್ಟಿಕ್ಕಿನ ಉದ್ದ ಸರಪಳಿಯನ್ನು ತುಂಡು ತುಂಡು ಮಾಡುತ್ತದೆ. ಆ ತುಂಡುಗಳು ನೀರಿನಲ್ಲಿ ಬೆರೆಯುವಷ್ಟು ಸಣ್ಣವಾದಾಗ ಅವು ಒಳಗೆಳೆದುಕೊಂಡು ಬೆಳೆಯುತ್ತವೆ. ಕೊನೆಗೆ ಉಳಿಯುವುದು ನಾವು ಉಸಿರಿನಲ್ಲಿ ಬಿಡುವ ಗಾಳಿ, ಮತ್ತು ನೀರು.

ಅವಳಿಗೆ ಎಲ್ಲಕ್ಕಿಂತ ಪ್ರೀತಿಯಾದದ್ದು ತಟ್ಟೆಗಳು. ಅಂಗೈಯಗಲದ ಗಾಜಿನ ತಟ್ಟೆಯಲ್ಲಿ ಕಡಲ ಪಾಚಿಯ ಅಂಟಿಗೆ ಆ ಪ್ಲಾಸ್ಟಿಕ್ಕಿನ ಪುಡಿ ಬೆರೆಸಿ ಹೆಪ್ಪುಗಟ್ಟಿಸಿದರೆ ಅದು ಹಾಲಿನಂತೆ ಮಸುಕಾಗಿರುತ್ತದೆ. ಅದರ ಮೇಲೆ ಒಂದು ಹನಿ ಕಡಲ ನೀರು ಸವರಿ ಇಟ್ಟರೆ ನಾಲ್ಕೈದು ದಿನಕ್ಕೆ ಅಲ್ಲಲ್ಲಿ ಚುಕ್ಕೆ ಏಳುತ್ತವೆ. ಪ್ಲಾಸ್ಟಿಕ್ ತಿನ್ನಬಲ್ಲವು ಯಾವುವೋ ಅವುಗಳ ಸುತ್ತ ಮಾತ್ರ ಮಸುಕು ಹೋಗಿ ತಿಳಿಯಾದ ಉಂಗುರವೊಂದು ಮೂಡುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆದು ಆ ಉಂಗುರ ನೋಡುವುದಕ್ಕೆಂದೇ ತಾನು ಎರಡೂವರೆ ವರ್ಷ ಹುಟ್ಟಿದೂರು ಬಿಟ್ಟಿದ್ದೆ ಅಂದಳು ಒಮ್ಮೆ.

ಅದೇ ಕಾಲಕ್ಕೆ ಒಂದು ಕಂಪನಿಯವರು ಗಂಜಿಯ ಪಿಷ್ಟ ಬೆರೆಸಿದ ಪಾಲಿಥೀನ್ ಚೀಲ ತಂದು ಕೊಟ್ಟಿದ್ದರು. ಇದೂ ಕರಗುತ್ತದೆ, ಆರು ತಿಂಗಳಲ್ಲಿ ವರದಿ ಬೇಕು ಎಂದು ಅವರ ಅವಸರ. ನಾಜಿಮಾ ತೂಗಿದಾಗ ತೂಕ ನಿಜವಾಗಿಯೂ ಇಳಿಯುತ್ತ ಬಂದಿತ್ತು. ಏಳನೇ ಸಲಕ್ಕೆ ಇಳಿಯಲಿಲ್ಲ. ಎಂಟನೇ ಸಲಕ್ಕೂ ಇಲ್ಲ. ಅವಳು ಮೇಡಮ್ಮರಿಗೆ ತೋರಿಸಿ, “ಗಂಜಿ ತಿಂದು ಮುಗಿಸ್ಯಾವ್ರಿ. ಉಳಿದಿದ್ದನ್ನ ಮುಟ್ಟವಲ್ಲವು” ಅಂದಳು. ಬೆಳಕಿಗೆ ಹಿಡಿದರೆ ಚೀಲ ಜರಡಿಯ ಹಾಗೆ ಕಾಣುತ್ತಿತ್ತು. ಎರಡು ವರ್ಷ ನೀರಿನಲ್ಲೇ ಬಿಟ್ಟು ನೋಡೋಣ, ಅಲ್ಲಿಯವರೆಗೆ ಯಾರಿಗೂ ಯಾವ ಕಾಗದವನ್ನೂ ಕೊಡುವುದಿಲ್ಲ ಎಂದರು ಮೇಡಂ. ಆ ಚೀಲದ ಪಟ್ಟಿ, ಪಕ್ಕದಲ್ಲೇ ಆ ಕೊಬ್ಬಿನ ಪ್ಲಾಸ್ಟಿಕ್ಕಿನ ದಪ್ಪ ಪಟ್ಟಿ, ಎರಡನ್ನೂ ಒಂದೇ ಚೌಕಟ್ಟಿಗೆ ಬಿಗಿದು ಕೆಳಗಿಳಿಸಿದರು. ಅದರ ನಂಬರು ಹದಿನೇಳು. ಅದನ್ನು ಎತ್ತುವವಳು ನೀನೇ ಎಂದು ಮೇಡಂ ಹೇಳಿದ್ದರು.

ಎರಡು ಸಾವಿರದ ಏಪ್ರಿಲಿನಲ್ಲಿ, ಅದನ್ನು ಎತ್ತಲು ಇನ್ನೂ ಒಂಬತ್ತು ತಿಂಗಳಿರುವಾಗ, ಬಿಬಿಜಾನಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲಾಯಿತು. ಇಸ್ರಾರನ ಹೆಂಡತಿ ಫಿರದೋಸ್ ಅವಳಿ ಕೂಸುಗಳನ್ನು ಹೆತ್ತು ಆಗಿನ್ನೂ ಎರಡು ತಿಂಗಳು. ಲಾರಿ ಬಿಟ್ಟರೆ ಮನೆ ನಡೆಯದು. ಇಸ್ರಾರ ಗೋವಾಕ್ಕೆ ಹೋದವನು ಮಾಲು ಇಳಿಸಿ, ಕಟ್ಟೆಯ ಮೇಲೆ ಹಗ್ಗ ಸುತ್ತುತ್ತಿದ್ದ ತಂಗಿಯ ಹತ್ತಿರ ಬಂದು ನಿಂತ.

“ನಾ ಕರ್ಕೊಂಡ ಹೋಗಾಕ ಬಂದೇನಿ ಅಂತ ಅನ್ನೂದಿಲ್ಲ,” ಅಂದ. “ಅಮ್ಮಾ ನಿನ್ನ ಹೆಸರ ತಗೋಂಡಿಲ್ಲ. ಆದ್ರ ಬಾಗಲ ಕಡೆ ನೋಡ್ಕೋತ ಮಕ್ಕೊಂಡಿರತಾಳ.”

ಅವಳು ಹಗ್ಗ ಸುತ್ತಿ ಮುಗಿಸಿ, ಕೈ ತೊಳೆದು, ಅವತ್ತೇ ಹೊರಟಳು.

ಹಾಗೆ ಅವಳು ನಮ್ಮ ಸಾಲೆಗೆ ಬಂದಳು. ಮನೆಯಿಂದ ಹತ್ತು ನಿಮಿಷದ ದಾರಿ. ಮಧ್ಯಾಹ್ನ ಓಡಿಹೋಗಿ ತಾಯಿಯ ಮಗ್ಗಲು ಬದಲಿಸಿ ಬರಬಹುದಿತ್ತು. ಒಂದು ದಿನವೂ ಬೇಸರದ ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ಆದರೆ ಸೋಮವಾರ ಬಂತೆಂದರೆ ಅವಳ ಮನಸ್ಸು ಎಲ್ಲಿರುತ್ತದೆ ಎಂಬುದು ನನಗೆ ಗೊತ್ತಾಗಿಬಿಟ್ಟಿತ್ತು. ಮಾತನಾಡುತ್ತಲೇ ಹೆಬ್ಬೆರಳಿನಿಂದ ತೋರುಬೆರಳ ತುದಿಯನ್ನು ಉಜ್ಜುತ್ತಿದ್ದಳು, ಬಟ್ಟೆಯ ನೂಲು ನೋಡುವವರ ಹಾಗೆ. ಆ ಲೋಳೆಯನ್ನು ಹುಡುಕುತ್ತಿದ್ದಳು. ಕಡಲನ್ನು ಕಾಣದ ನನಗೂ ಅದನ್ನು ನೋಡಿದಾಗ ಏನೋ ಕಳಕೊಂಡ ಹಾಗಾಗುತ್ತಿತ್ತು.

ಮರುವರ್ಷ ಫೆಬ್ರುವರಿಯಲ್ಲಿ ಮೇಡಮ್ಮರ ಪತ್ರ ಬಂತು. ಹದಿನೇಳನೇ ಚೌಕಟ್ಟನ್ನು ಎತ್ತಿದ್ದರು. ಗಂಜಿಯ ಚೀಲ ಎರಡು ವರ್ಷದ ಮೇಲೂ ಜರಡಿಯಾಗಿ ಹಾಗೆಯೇ ಉಳಿದಿತ್ತು. ಅಂಚಿನಲ್ಲಿ ಮುರಿದು ಚೂರಾಗಿತ್ತೇ ಹೊರತು ಕರಗಿರಲಿಲ್ಲ. ಪಕ್ಕದ ದಪ್ಪ ಪಟ್ಟಿಯ ಜಾಗದಲ್ಲಿ ಕಟ್ಟಿದ ದಾರ ಮಾತ್ರ ಇತ್ತು. ‘ನೀನು ಹೇಳಿದ್ದೇ ಆಯಿತು. ಕಂಪನಿಯವರಿಗೆ ಇಲ್ಲ ಎಂದು ಬರೆದು ಕೊಟ್ಟೆ’ ಎಂದು ಬರೆದಿದ್ದರು.

ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಮಡಚಿಟ್ಟಳು. ನಾನು, ಒಳ್ಳೇ ಸುದ್ದಿ ಅಲ್ಲವೇ ಎಂದು ಕೇಳಿದೆ.

“ಹೌದ್ರಿ. ಛಲೋ ಸುದ್ದಿ.” ಪತ್ರವನ್ನು ಹಾಜರಿ ಪುಸ್ತಕದೊಳಗೆ ಸೇರಿಸುತ್ತ ಅಂದಳು, “ಆದ್ರ ಹಗ್ಗ ಎಳದಾವ್ರು ಬ್ಯಾರೆ ಯಾರೋ.”

ಸಂಜೆ ಮನೆಯಲ್ಲಿ ಆ ಪತ್ರ ಕೈಯಲ್ಲಿ ಹಿಡಿದುಕೊಂಡು ಬಿಕ್ಕಿ ಅತ್ತಳಂತೆ. ಬಿಬಿಜಾನ ಮಂಚದಿಂದ ನೋಡುತ್ತಿದ್ದಳು. ಅವಳಿಗೆ ಓದು ಬರಹ ಬಾರದು. ಮಗಳು ಗೋವಾದಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸದಲ್ಲಿದ್ದಳು ಎನ್ನುವುದಷ್ಟೇ ಗೊತ್ತು. ಎಡಗೈಯಿಂದ ಕರೆದು, ಏನು ಅಂತ ಕೇಳಿದಳು. ಅವಳ ತೊದಲು ಮಾತು ಮನೆಯವರಿಗೆ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ನಾಜಿಮಾ ಮೊದಲ ಸಲ ತಾಯಿಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದಳು. ಚೌಕಟ್ಟು, ಲೋಳೆ, ಉಂಗುರ, ಬಾಯಿಲ್ಲದೆ ಉಣ್ಣುವ ಜೀವಿಗಳು. ಫಿರದೋಸ್ ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು.

ಮಗಳು ಹೇಳಿ ಮುಗಿಸಿದ ಮೇಲೆ ಬಿಬಿಜಾನ, “ಇಲ್ಲಿ ನೀರಾಗ ಅವು ಇರೂದಿಲ್ಲೇನ?” ಎಂದು ಕೇಳಿದಳು.

“ಇರತಾವು ಅಮ್ಮಾ. ಆದ್ರ ಅವು ಬ್ಯಾರೆ. ಸಮುದ್ರದ್ದು ಸಮುದ್ರದಾಗ.”

ಮುಂದಿನ ಸಲ ಇಸ್ರಾರ ಹೊರಟಾಗ ತಾಯಿ ಅವನನ್ನು ಮಂಚದ ಹತ್ತಿರ ಕರೆದಳು. “ಸಮುದ್ರದ ನೀರ ತಂಬಾ. ನಾಜಿಗೆ ಬೇಕಾಗೈತಿ,” ಅಂದಳು.

ಅವನು ತಂದದ್ದು ಸೋಮವಾರ ಬೆಳಿಗ್ಗೆ, ಐದು ಲೀಟರಿನ ಎಣ್ಣೆ ಕ್ಯಾನಿನಲ್ಲಿ. ಕ್ಯಾನನ್ನು ತೊಳೆದೇ ತುಂಬಿದ್ದ. ಆದರೂ ಮುಚ್ಚಳ ತೆಗೆದರೆ ಶೇಂಗಾ ಎಣ್ಣೆಯ ವಾಸನೆ, ಮೇಲೆ ಬಣ್ಣಬಣ್ಣದ ಪದರು. ಇದರಲ್ಲಿ ಏನೂ ಆಗದು ಎಂದು ನಾಜಿಮಾಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಎಣ್ಣೆಯ ಕೆಳಗೆ ಉಪ್ಪಿತ್ತು. ಅವಳು ಬಾಗಿಲ ಹೊಸ್ತಿಲ ಮೇಲೆ ಹಾಗೆಯೇ ಕುಳಿತುಬಿಟ್ಟದ್ದನ್ನು ನೋಡಿ ಇಸ್ರಾರನಿಗೆ ಗಾಬರಿಯಾಯಿತು.

“ಯಾಕ, ಸರಿ ಇಲ್ಲೇನ?”

“ಐತಿ ಭಾಯಿ. ಮುಂದಿನ ಸಲ ಕ್ಯಾನ್ ನಾ ಕೊಡತೇನಿ.”

ಅವಳು ಮೇಡಮ್ಮರಿಗೆ ಬರೆದಳು. ಅವರು ಆ ಕೊಬ್ಬಿನ ಪ್ಲಾಸ್ಟಿಕ್ಕಿನ ತೆಳುವಾದ ಪಟ್ಟಿಗಳನ್ನು ಒತ್ತುಕಾಗದದ ನಡುವೆ ಇಟ್ಟು ಕಳಿಸಿದರು. ಇಸ್ರಾರನಿಗೆ ತಂಗಿಯ ಕಟ್ಟಪ್ಪಣೆ: ಕುದಿಯುವ ನೀರಿನಲ್ಲಿ ತೊಳೆದ ಕ್ಯಾನ್, ಮುಕ್ಕಾಲು ಮಾತ್ರ ತುಂಬಬೇಕು, ಗಾಳಿ ಇರಬೇಕು, ದಂಡೆಯ ಕೆಸರು ಮರಳು ಒಂದು ಹಿಡಿ ಬೇರೆ ಡಬ್ಬಿಯಲ್ಲಿ, ಮೇಲೆ ಹಸಿ ಗೋಣಿಚೀಲ, ಬಿಸಿಲು ತಾಗಬಾರದು. ಉಳ್ಳಾಗಡ್ಡಿ ಲಾರಿಯ ಡ್ರೈವರ್ ಪ್ಯಾಂಟು ಮಡಚಿ ಸಮುದ್ರದಲ್ಲಿ ಮೊಣಕಾಲ ನೀರಿಗಿಳಿದು ಕೆಸರು ಬಾಚುವುದನ್ನು ನೋಡಿ ಮೀನುಗಾರರು ನಗುತ್ತಿದ್ದರಂತೆ. “ಏನ ಹೇಳಲಿ ಅವರಿಗೆ? ಔಷಧಕ್ಕ ಅಂತ ಹೇಳಿದ್ನಿ,” ಎಂದು ನನ್ನ ಮುಂದೆ ಅವನೇ ಹೇಳಿದ.

ನಾನು ಅವರ ಮನೆಗೆ ಹೋದಾಗ ತಾಯಿಯ ಮಂಚದೆದುರಿನ ಗೂಡಿನಲ್ಲಿ ಮೂರು ಗಾಜಿನ ಬರಣಿಗಳಿದ್ದವು. ಮೊದಲಿನದರಲ್ಲಿ ಕುದಿಸಿ ಆರಿಸಿದ ಕಡಲ ನೀರು. ಎರಡನೆಯದರಲ್ಲಿ ಕುದಿಸದ ಕಡಲ ನೀರು, ತಳಕ್ಕೆ ಕೆಸರು. ಮೂರನೆಯದರಲ್ಲಿ ನಮ್ಮ ಮಲಪ್ರಭಾ ಕಾಲುವೆಯದು. ಮೂರರಲ್ಲೂ ದಾರಕ್ಕೆ ಕಟ್ಟಿದ ಒಂದೊಂದು ಪಟ್ಟಿ ಇಳಿಬಿದ್ದಿತ್ತು. ಹಗಲೆಲ್ಲ ಸಾಲೆಯಲ್ಲಿರುವ ನಾಜಿಮಾಳಿಗೆ ನೋಡಲು ಪುರುಸೊತ್ತಿಲ್ಲ. ನೋಡುತ್ತಿದ್ದವಳು ಬಿಬಿಜಾನ. ಬಾಗಿಲ ಕಡೆ ತಿರುಗಿ ಮಲಗುತ್ತಿದ್ದವಳು ಈಗ ಬರಣಿಗಳ ಕಡೆ ತಿರುಗಿದ್ದಳು.

ಸಂಜೆ ಮಗಳು ಬಂದ ಕೂಡಲೇ ವರದಿ. ಎಡಗೈಯ ಬೆರಳೆತ್ತಿ ಯಾವ ಬರಣಿ ಎಂದು ಮೊದಲು ತೋರಿಸುವುದು, ಆಮೇಲೆ ಎರಡು ಮಾತು. “ಎರಡು. ಮಸಕ ಆಗೇತಿ.” “ಮೂರು. ಇನ್ನೂ ಹಂಗ ಐತಿ.” ನಾಜಿಮಾ ಅದನ್ನು ತಾರೀಖು ಹಾಕಿ ತಾಯಿಯ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದಳು. ಐವತ್ತನೆಯ ದಿನದ ಸುಮಾರಿಗೆ ತಾಯಿ, ಎರಡರಲ್ಲಿ ತೂತು ಬಿದ್ದಿದೆ ಎಂದಳು. ಮಗಳು ಭೂತಗನ್ನಡಿ ಹಿಡಿದು ನೋಡಿದರೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಬಿಸಿಲು ಗೂಡಿಗೆ ಬಿದ್ದಾಗ ನೋಡು ಅಂದಳು ತಾಯಿ. ನೋಡಿದರೆ ನಿಜ, ಸೂಜಿ ಮೊನೆಯಷ್ಟು, ಮೂರು ತೂತು. ದಿನವಿಡೀ ಅದನ್ನೇ ನೋಡುವವಳಿಗೆ ಯಾವ ಹೊತ್ತಿನ ಬೆಳಕಿನಲ್ಲಿ ಏನು ಕಾಣುತ್ತದೆಂಬುದು ಗೊತ್ತಾಗಿತ್ತು.

ಮೂರು ತಿಂಗಳಾಗುವಷ್ಟರಲ್ಲಿ ಎರಡನೇ ಬರಣಿಯ ಪಟ್ಟಿ ದಾರದಿಂದ ಕಳಚಿ ತಳದ ಕೆಸರಿಗೆ ಬಿದ್ದು, ಅಲ್ಲೇ ಇಲ್ಲವಾಯಿತು. ಕಾಲುವೆಯ ನೀರಿನದು ಅಂಚು ಸವೆದು ಅರ್ಧಕ್ಕೆ ಬಂದಿತ್ತು. ಕುದಿಸಿದ ನೀರಿನದು ಹೊಸದರಂತೆಯೇ ಇತ್ತು. ನಾಜಿಮಾ ನನಗೆ ಮೊದಲನೇ ಬರಣಿ ತೋರಿಸಿ, “ನೀರ ಐತಿ, ಉಪ್ಪ ಐತಿ. ತಿನ್ನಾವ್ರು ಇಲ್ಲರಿ. ಅದಕ್ಕ ಹಂಗ ಉಳದೈತಿ,” ಅಂದಳು. ಆಮೇಲೆ ಹೊಸ ನೀರು, ಹೊಸ ಪಟ್ಟಿ. ಎರಡೂವರೆ ವರ್ಷದಲ್ಲಿ ಏಳು ಸಲ ಹೀಗೆ ನಡೆಯಿತು. ಮೇಡಂ ಉತ್ತರ ಬರೆಯುತ್ತಿದ್ದರು: ತೂಕವಿಲ್ಲದ ಲೆಕ್ಕ ಎಲ್ಲೂ ಅಚ್ಚಾಗದು, ಆದರೆ ನಿಮ್ಮ ತಾಯಿಯವರ ಟಿಪ್ಪಣಿಗಳನ್ನು ನಾನು ಹೊಸಬರಿಗೆ ಓದಿ ಹೇಳುತ್ತೇನೆ, ನೋಡುವುದನ್ನು ಅವರು ಕಲಿಯಲಿ ಎಂದು.

ಆ ವಾಕ್ಯವನ್ನು ಕೇಳಿ ಬಿಬಿಜಾನ ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳನ್ನೇ ನೋಡುತ್ತ, “ನಿನಗ ಹೋಗಬೇಕಾಗೈತಿ,” ಅಂದಳು.

“ಇಲ್ಲಮ್ಮಾ.”

“ಸುಳ್ಳ ಹೇಳಬ್ಯಾಡ. ನೀ ನೀರಿನ ವಾಸನಿ ತಗೋತಿ, ನಾ ನೋಡೇನಿ.”

ಹೊಸ ನೀರು ಬಂದ ದಿನ ಬರಣಿಗೆ ಸುರಿಯುವ ಮೊದಲು ಮುಖವನ್ನು ಕ್ಯಾನಿನ ಬಾಯಿಗಿಟ್ಟು ಕಣ್ಣು ಮುಚ್ಚುವುದು ನಾಜಿಮಾಳ ರೂಢಿಯಾಗಿತ್ತು. ಯಾರೂ ನೋಡಿಲ್ಲ ಎಂದುಕೊಂಡಿದ್ದಳು.

ಎರಡು ಸಾವಿರದ ಮೂರರ ಸೆಪ್ಟೆಂಬರಿನಲ್ಲಿ ಬಿಬಿಜಾನಳಿಗೆ ಎರಡನೇ ಸಲ ಲಕ್ವ ಬಂತು. ಬೆಳಗಾವಿಗೆ ಒಯ್ದರು. ನಾಲ್ಕು ದಿನದ ಮೇಲೆ ಅಲ್ಲೇ ತೀರಿಕೊಂಡಳು. ಮಣ್ಣು ಮುಗಿಸಿ ಬಂದ ಮೇಲೆ ನಾನು ಹೋದೆ. ಮಂಚ ತೆಗೆದು ಗೋಡೆಗೆ ನಿಲ್ಲಿಸಿದ್ದರು. ಬರಣಿಗಳು ಗೂಡಿನಲ್ಲಿದ್ದವು. ಎರಡನೆಯದರ ಪಟ್ಟಿ ಜಾಳಾಗಿ, ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಯಾರೂ ಅದನ್ನು ಬರೆದುಕೊಂಡಿರಲಿಲ್ಲ. ಕೆಲವು ದಿನದ ಮೇಲೆ ಫಿರದೋಸ್ ಬರಣಿಗಳನ್ನು ತೊಳೆದು ಉಪ್ಪಿನಕಾಯಿ ಹಾಕಿದಳು; ನಾಜಿಮಾಳೇ ಹಾಕು ಎಂದಿದ್ದಳು.

ಮೇಡಮ್ಮರಿಗೆ ಸುದ್ದಿ ತಿಳಿದು, ಎರಡು ತಿಂಗಳ ಮೇಲೆ ಬರೆದರು. ಆಳ ಸಮುದ್ರದ ಕೆಲಸವೊಂದು ಬಂದಿದೆ, ಡಿಸೆಂಬರಿನಿಂದ ಮೇ ತನಕ ಆರು ತಿಂಗಳು, ಬಾ. ಸಾಲೆಯ ಹೆಡ್ ಮಾಸ್ತರು ದುರ್ಗಪ್ಪನವರು ರಜೆ ಕೊಡಲು ಹಿಂದೆ ಮುಂದೆ ನೋಡಿದರು. ಅವಳ ವಿಜ್ಞಾನದ ಪಿರಿಯಡ್‌ಗಳನ್ನು ನಾವು ನಾಲ್ಕು ಜನ ಹಂಚಿಕೊಳ್ಳುತ್ತೇವೆಂದು ಹೇಳಿ ಒಪ್ಪಿಸಿದೆವು. ಕನ್ನಡ ಕಲಿಸುವ ನಾನು ಒಂಬತ್ತನೇ ಇಯತ್ತೆಗೆ ಜೀವಶಾಸ್ತ್ರ ಕಲಿಸಿದ್ದು ಆಗಲೇ.

ಮೂರೂವರೆ ವರ್ಷ ಹಂಬಲಿಸಿದ ಜಾಗಕ್ಕೆ ಅವಳು ಹೋದಳು. ಹಳೆಯ ಕಟ್ಟೆಯನ್ನು ಒಡೆದು ಹೊಸದು ಕಟ್ಟಿದ್ದರು. ಕೈಯಲ್ಲಿ ಎಳೆಯುತ್ತಿದ್ದ ಹಗ್ಗಕ್ಕೆ ಈಗ ರಾಟೆ ಬಂದಿತ್ತು. ಹೊಸ ಹುಡುಗಿಯರೆಲ್ಲ ಎಂ.ಎಸ್ಸಿ. ಕಲಿತವರು, ಕಂಪ್ಯೂಟರಿನ ಮುಂದೆ ಕುಳಿತು ಜೀವಿಗಳ ಕುಲಗೋತ್ರ ಹೇಳುತ್ತಿದ್ದರು. ಅವರ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಆದರೆ ತಟ್ಟೆಯಲ್ಲಿ ಉಂಗುರ ಮೊದಲು ಕಾಣುತ್ತಿದ್ದವಳು ಅವಳೇ. ಬೆಳಗಿನ ಓರೆ ಬಿಸಿಲಿಗೆ ಹಿಡಿದು ನೋಡಿ ಎಂದು ಅವರಿಗೆ ಕಲಿಸಿದಳು.

ಮಾರ್ಚಿನಲ್ಲಿ ಒಂಬತ್ತು ದಿನ ಹಡಗಿನಲ್ಲಿ ಹೋಗುವ ಸರದಿ ಬಂತು. ಹಿಂದಿನ ವರ್ಷ ಆಳಕ್ಕೆ, ಮೇಲಿನ ಬೆಳಕು ಮುಟ್ಟದ ತಣ್ಣೀರಿಗೆ, ಇಳಿಸಿಟ್ಟ ಚೌಕಟ್ಟೊಂದನ್ನು ಎತ್ತಬೇಕಾಗಿತ್ತು. ಐದನೇ ದಿನ ಮಧ್ಯಾಹ್ನ ಅದು ಮೇಲೆ ಬಂತು. ಮೇಡಂ ಜಾಳಿಗೆ ಬಿಚ್ಚಿ ಪಟ್ಟಿಯನ್ನು ಅವಳ ಕೈಗೇ ಕೊಟ್ಟರು. ದಂಡೆಯಲ್ಲಿ ಎರಡು ತಿಂಗಳಿಗೆ ಇಲ್ಲವಾಗುವ ಅದೇ ತೆಳು ಪಟ್ಟಿ, ವರ್ಷವಾದರೂ ಹೆಚ್ಚುಕಡಿಮೆ ಇಡಿಯಾಗಿತ್ತು. ಸ್ವಲ್ಪ ಮಸುಕು, ಬೆರಳಿಗೆ ಸ್ವಲ್ಪ ಲೋಳೆ. ಅಲ್ಲೂ ಅವು ಇವೆ, ಆದರೆ ಆ ಚಳಿಯಲ್ಲಿ ಬಹಳ ನಿಧಾನ ಎಂದರು ಮೇಡಂ. ನಾಜಿಮಾ ಪಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ತೂತ ಬಿದ್ದಿಲ್ಲಮ್ಮಾ” ಅಂದಳು.

ಅಂದ ಮೇಲೆಯೇ ತಾನು ಅಮ್ಮಾ ಎಂದದ್ದು ತನಗೇ ಕೇಳಿಸಿತು. ಮೇಡಂ ಪಟ್ಟಿಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು, “ಹೋಗು, ಸ್ವಲ್ಪ ಕುಂತ ಬಾ,” ಅಂದರು. ಅವಳು ಹಡಗಿನ ಹಿಂಬದಿಗೆ ಹೋಗಿ ಕುಳಿತಳು. ಸುತ್ತಲೂ ನೀರು. ಇಷ್ಟು ವರ್ಷ ಬೇಕು ಬೇಕು ಎಂದದ್ದೆಲ್ಲ ಕಣ್ಣೆದುರಿಗಿತ್ತು. ಸಂಜೆ ಮನೆಗೆ ಹೋಗಿ ಎದುರು ಕುಳಿತು, “ಎರಡರದ್ದು ಏನಾತು?” ಎಂದು ಕೇಳಲು ಅಮ್ಮನ ಮಂಚ ಮಾತ್ರ ಎಲ್ಲೂ ಇರಲಿಲ್ಲ.

ಮೇ ತಿಂಗಳ ಕೊನೆಗೆ ಕೆಲಸ ಮುಗಿಯಿತು. ಇನ್ನೊಂದು ಕೆಲಸ ಬಂದರೆ ಬರೆಯುತ್ತೇನೆ, ಬರುತ್ತದೆಂದು ಹೇಳಲಾರೆ ಎಂದರು ಮೇಡಂ. ಇಸ್ರಾರ ಬಂದು ಕರೆದುಕೊಂಡು ಹೊರಟ. ತೆಂಗಿನಕಾಯಿ ಮೂಟೆಗಳನ್ನು ಕಿತ್ತೂರಿನಲ್ಲಿ ಇಳಿಸಬೇಕಾಗಿದ್ದರಿಂದ ಖಾನಾಪುರ, ನಂದಗಡ ದಾಟಿ ಆ ಕಡೆಯಿಂದ ಬಂದರು. ಹೆದ್ದಾರಿಯ ಬದಿಯ ಚಹಾದಂಗಡಿಯಲ್ಲಿ ಕುಳಿತಾಗ ನಾಲ್ಕು ಗಂಟೆ. ಮುಂಗಾರಿನ ಮೊದಲ ಹನಿ ಬಿದ್ದು ಎರೆಮಣ್ಣಿನ ವಾಸನೆ ಎದ್ದಿತ್ತು.

“ಇನ್ನೂ ಹೋಗಬೇಕನಸತೈತೇನ ನಾಜಿ?” ಎಂದು ಕೇಳಿದ ಇಸ್ರಾರ.

“ಅನಸತೈತಿ ಭಾಯಿ.”

“ಅಲ್ಲಿ ಇದ್ದಾಗ?”

“ಅಲ್ಲಿ ಇದ್ದಾಗ ಅಮ್ಮಾನ ಕಡೆ ಬರಬೇಕನಸತಿತ್ತು.”

ಇಸ್ರಾರ ಬಸಿಗೆ ಚಹಾ ಸುರಿದುಕೊಂಡ. “ಅಮ್ಮಾ ನನಗ ಒಂದ ಸಲ ಕೇಳಿದ್ಲು,” ಅಂದ. “ಸಮುದ್ರ ಎಷ್ಟ ದೊಡ್ಡದಿರತೈತಿ ಅಂತ. ನನಗ ಹೇಳಾಕ ಬರಲಿಲ್ಲ. ಲಾರ್‍ಯಾಗ ಮಕ್ಕೊಂಡಾರ ಕರ್ಕೊಂಡ ಹೋಗಿ ತೋರಸ್ತೇನಿ ಅಂದ್ನಿ. ಬ್ಯಾಡ ಅಂದ್ಲು. ನಾಜಿ ಹೇಳಿದ್ದು ಸಾಕಾಗೈತಿ ಅಂದ್ಲು.”

ಇದನ್ನು ನಾಜಿಮಾ ನನಗೆ ಹೇಳಿದ್ದು ಸಾಲೆ ಸುರುವಾದ ಮೊದಲ ವಾರದಲ್ಲಿ, ಇಬ್ಬರೂ ಬುತ್ತಿ ಬಿಚ್ಚಿಕೊಂಡು ಕುಳಿತಾಗ. ಹೇಳಿ ಮುಗಿಸಿದಾಗಲೂ ಅವಳ ರೊಟ್ಟಿ ಮುರಿಯದೇ ಇತ್ತು. ನಾನು ನನ್ನ ಡಬ್ಬಿಯ ಪಲ್ಯವನ್ನು ಅವಳ ಮುಂದೆ ಸರಿಸಿದೆ. ಹತ್ತನೇ ಇಯತ್ತೆಯ ಗಂಟೆ ಬಾರಿಸಿದಾಗ ಎದ್ದು, ಕೈ ತೊಳೆದುಕೊಂಡು ಪಾಠಕ್ಕೆ ಹೋದಳು.